ಹಳೆಯ ಜೀಪಿನ ಹವಾನಿಯಂತ್ರಣ: ಕಂಪ್ರೆಸರ್ ಸ್ಥಳಾಂತರದ ವಿಚಾರ

(ಸಂಘದ ಅತಿಥಿ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಇವುಗಳಲ್ಲಿ ಯಾವುದಾದರೊಂದನ್ನು ಕುರಿತು ಮಾತನಾಡುವನೆಂಬುದು ವಾಡಿಕೆ. ಈ ಬಾರಿ ಕಾರ್ಯದರ್ಶಿಗಳು ವಿಷಯದ ಆಯ್ಕೆಯನ್ನು ನನಗೇ ಬಿಟ್ಟುದರಿಂದ ನಾನು ಮೋಟಾರು ವಾಹನದ ಒಂದು ಭಾಗವನ್ನು ಆರಿಸಿಕೊಂಡಿದ್ದೇನೆ. ಇದಕ್ಕೆ ಕಾರಣವಿದೆ. ಫೀನಿಕ್ಸ್ ನಗರದ ಸುತ್ತಮುತ್ತ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು ಹಳೆಯ ಜೀಪ್ ಚೆರೋಕಿ ವಾಹನಗಳನ್ನು ಕೊಂಡು, ಮನೆಯ ಗ್ಯಾರೇಜಿನಲ್ಲಿಯೇ ಬಿಚ್ಚಿ ಜೋಡಿಸುವ ಹವ್ಯಾಸವನ್ನು ಬೆಳೆಸಿಕೊಂಡಿದ್ದಾರೆ. ಹವ್ಯಾಸ ಒಳ್ಳೆಯದೇ. ಆದರೆ ಅವರಲ್ಲಿ ಇಬ್ಬರು ಮೂವರು ಆಲ್ಟರ್ನೇಟರನ್ನು ಎತ್ತರಕ್ಕೆ ಏರಿಸುವ ಸಲುವಾಗಿ ಹವಾನಿಯಂತ್ರಣದ ಕಂಪ್ರೆಸರನ್ನೇ ಕಿತ್ತುಹಾಕುವ ಆಲೋಚನೆಯಲ್ಲಿದ್ದಾರೆಂದು ತಿಳಿಯಿತು. ನನ್ನ ಮಗನೂ ಆ ಪೈಕಿ ಒಬ್ಬ. ಅದೇ ವಾಹನದ ಹಿಂದಿನ ಸೀಟಿನಲ್ಲಿ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಊರಿನಿಂದ ಬಂದ ಅಜ್ಜ ಅಜ್ಜಿಯರು ಕುಳಿತಿರುತ್ತಾರೆ. ಕಿತ್ತುಹಾಕುವ ಬದಲು ಸ್ಥಳ ಬದಲಿಸಬಹುದು, ಅದನ್ನು ಸರಿಯಾಗಿ ಮಾಡಬೇಕು ಎಂಬುದೇ ನನ್ನ ವಾದ.

ಮೊದಲು ವಾಹನದ ಪರಿಚಯ. ಎಕ್ಸ್‌ಜೆ ಎಂಬ ಸಂಕೇತದ ಈ ಚೆರೋಕಿ 1984ರ ಮಾದರಿಯಾಗಿ ಹೊರಬಂದು, ಅಮೆರಿಕದಲ್ಲಿ 2001ರವರೆಗೆ ತಯಾರಾಯಿತು. ಇದರ ಪ್ರಸಿದ್ಧ 4.0 ಲೀಟರಿನ ಆರು ಸಿಲಿಂಡರ್ ಎಂಜಿನ್ 1987ರ ಮಾದರಿಯಿಂದ ಬಂದಿತು. ಎಂಜಿನ್ನಿನ ಬಲಬದಿಯಲ್ಲಿ, ಅಂದರೆ ಇಲ್ಲಿಯ ರೂಢಿಯಂತೆ ಪ್ರಯಾಣಿಕರ ಬದಿಯಲ್ಲಿ, ಮೇಲೆ ಕಂಪ್ರೆಸರ್, ಅದರ ಕೆಳಗೆ ಆಲ್ಟರ್ನೇಟರ್ ಇರುತ್ತವೆ. ಬ್ಯಾಟರಿಗೆ ವಿದ್ಯುತ್ತನ್ನು ತುಂಬುವ ಈ ಆಲ್ಟರ್ನೇಟರಿಗೆ ಗಾಳಿಯಾಡಲು ಕಿಂಡಿಗಳಿವೆ. ಒಳಗೆ ಬ್ರಷ್‌ಗಳೂ ಉಂಗುರಗಳೂ ಉಜ್ಜಾಡುತ್ತವೆ. ಹೊಳೆ ದಾಟುವಾಗ, ಕೆಸರಿನಲ್ಲಿ ಹೋಗುವಾಗ ಮೊದಲು ಒದ್ದೆಯಾಗುವುದು ಇದೇ. ಕಂಪ್ರೆಸರಾದರೋ ಮುಚ್ಚಿದ ಪೆಟ್ಟಿಗೆ. ಅದರ ಮುಂಭಾಗದ ಕ್ಲಚ್ ಮತ್ತು ಬೇರಿಂಗ್ ಮಾತ್ರ ಹೊರಗಿವೆ. ಕೆಸರನ್ನು ತಾಳಿಕೊಳ್ಳಬಲ್ಲ ಭಾಗ ಮೇಲೆ, ತಾಳಲಾರದ ಭಾಗ ಕೆಳಗೆ. ಆದುದರಿಂದ ಇವೆರಡರ ಜಾಗವನ್ನು ಅದಲುಬದಲು ಮಾಡಬೇಕೆಂಬ ಯೋಚನೆ ಹುಟ್ಟಿದ್ದು ಸಹಜವೇ.

ಹಾಗಾದರೆ ಅರಿಜೋನಾದಲ್ಲಿ ಇದರ ಅಗತ್ಯವಿದೆಯೇ? ಬಹುಮಂದಿಗೆ ಇಲ್ಲವೆಂದೇ ನನ್ನ ಅಭಿಪ್ರಾಯ. ವರ್ಷಕ್ಕೆ ಎರಡು ಸಲ ಗ್ರ್ಯಾಂಡ್ ಕ್ಯಾನಿಯನ್ನಿಗೂ ಸೆಡೋನಾಕ್ಕೂ ಹೋಗಿಬರುವ ವಾಹನಕ್ಕೆ ಕಾರ್ಖಾನೆಯವರು ಕೂರಿಸಿದ ಜಾಗವೇ ಸಾಕು. ಜುಲೈ ಆಗಸ್ಟ್ ತಿಂಗಳುಗಳ ಮಳೆಯಲ್ಲಿ ಒಣ ಹಳ್ಳಗಳು ಒಮ್ಮೆಲೇ ತುಂಬಿ ಹರಿಯುತ್ತವೆ, ನಿಜ. ಆದರೆ ಅಡ್ಡಗಟ್ಟೆ ಹಾಕಿದ ನೆರೆಯ ರಸ್ತೆಗೆ ನುಗ್ಗಿ ಸಿಕ್ಕಿಕೊಂಡವರಿಂದ ರಕ್ಷಣೆಯ ಖರ್ಚನ್ನು ವಸೂಲು ಮಾಡುವ ಕಾನೂನು ಈ ರಾಜ್ಯದಲ್ಲಿದೆ. ಜನ ಅದನ್ನು ಮೂರ್ಖ ಚಾಲಕರ ಕಾನೂನು ಎಂದೇ ಕರೆಯುತ್ತಾರೆ. ಆಲ್ಟರ್ನೇಟರ್ ಎಷ್ಟು ಎತ್ತರದಲ್ಲಿದ್ದರೂ ಆ ಕಾನೂನಿನಿಂದ ವಿನಾಯಿತಿಯಿಲ್ಲ. ನಿಜವಾಗಿ ಕಾಡುದಾರಿಗಳಲ್ಲಿ, ನೀರಿರುವ ತೊರೆಗಳಲ್ಲಿ ಪದೇ ಪದೇ ಓಡಾಡುವವರಿಗೆ ಮಾತ್ರ ಈ ಕೆಲಸ ಅರ್ಥಪೂರ್ಣ. ಅಂಥವರ ಮುಂದೆ ಎರಡು ದಾರಿಗಳಿವೆ. ಕಂಪ್ರೆಸರನ್ನು ತೆಗೆದುಹಾಕಿ ಖಾಲಿಯಾದ ಎತ್ತರದ ಜಾಗದಲ್ಲಿ ಆಲ್ಟರ್ನೇಟರನ್ನು ಕೂರಿಸುವುದು ಸುಲಭದ ದಾರಿ. ಎರಡನ್ನೂ ಉಳಿಸಿಕೊಂಡು ಜಾಗ ಬದಲಿಸುವುದು ಕಷ್ಟದ ದಾರಿ.

ಸುಲಭದ ದಾರಿಯನ್ನು ನಾನು ಏಕೆ ಒಪ್ಪುವುದಿಲ್ಲವೆಂದರೆ, ಇದು ನನ್ನ ವೃತ್ತಿಗೆ ಸೇರಿದ ಮಾತು. 2023ರ ಬೇಸಿಗೆಯಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನಗಳ ಕಾಲ ಉಷ್ಣತೆ 110 ಡಿಗ್ರಿ ಫ್ಯಾರನ್‌ಹೀಟನ್ನು, ಎಂದರೆ 43 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟಿತು ಅಥವಾ ದಾಟಿತು. ಕಿಟಕಿ ತೆರೆದರೆ ಗಾಳಿ ಬರುತ್ತದಲ್ಲ ಎಂದು ಮಕ್ಕಳು ಕೇಳುತ್ತಾರೆ. ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ ಸೆಲ್ಸಿಯಸ್. ಬೀಸುವ ಗಾಳಿ ಅದಕ್ಕಿಂತ ತಣ್ಣಗಿದ್ದರೆ ದೇಹದ ಶಾಖವನ್ನು ಒಯ್ಯುತ್ತದೆ; ಬಿಸಿಯಾಗಿದ್ದರೆ ದೇಹಕ್ಕೆ ಶಾಖವನ್ನು ತಂದು ಸುರಿಯುತ್ತದೆ. ಆಗ ನಮ್ಮನ್ನು ಕಾಯುವುದು ಬೆವರೊಂದೇ. ಇಪ್ಪತ್ತೈದರ ತರುಣ ಧಾರಾಳವಾಗಿ ಬೆವರುತ್ತಾನೆ, ಬಾಯಾರಿದರೆ ನೀರು ಕುಡಿಯುತ್ತಾನೆ. ಎಪ್ಪತ್ತೈದರ ಹಿರಿಯರಲ್ಲಿ ಬೆವರುವ ಶಕ್ತಿಯೂ ಬಾಯಾರಿಕೆಯ ಅರಿವೂ ಕುಗ್ಗಿರುತ್ತವೆ. ಜೊತೆಗೆ ಅವರ ಕೈಚೀಲದಲ್ಲಿರುವ ಮಾತ್ರೆಗಳನ್ನು ನೋಡಿರಿ. ರಕ್ತದೊತ್ತಡಕ್ಕೆಂದು ಕೊಡುವ, ಮೂತ್ರವನ್ನು ಹೆಚ್ಚಿಸುವ ಮಾತ್ರೆ ದೇಹದ ನೀರನ್ನು ಕಡಿಮೆ ಮಾಡುತ್ತದೆ. ಹೃದಯದ ಬಡಿತವನ್ನು ತಗ್ಗಿಸುವ ಮಾತ್ರೆ, ಚರ್ಮದ ಕಡೆಗೆ ಹೆಚ್ಚು ರಕ್ತವನ್ನು ಕಳುಹಿಸುವ ಹೃದಯದ ಸಾಮರ್ಥ್ಯವನ್ನು ಮೊಟಕುಗೊಳಿಸುತ್ತದೆ. ನೆಗಡಿ ತುರಿಕೆಗಳಿಗೆ ಕೊಡುವ ಕೆಲವು ಹಳೆಯ ಔಷಧಗಳು ಬೆವರನ್ನೇ ತಡೆಯುತ್ತವೆ.

ಇನ್ನೊಂದು ಸಂಗತಿಯನ್ನು ನಮ್ಮ ಕರಾವಳಿಯವರು ವಿಶೇಷವಾಗಿ ಗಮನಿಸಬೇಕು. ಮಂಗಳೂರು ಉಡುಪಿಗಳಲ್ಲಿ ಬೆವರು ಮೈಮೇಲೆ ಹರಿಯುವುದು ಕಣ್ಣಿಗೆ ಕಾಣುತ್ತದೆ. ಇಲ್ಲಿಯ ಒಣ ಹವೆಯಲ್ಲಿ ಬೆವರು ಹುಟ್ಟಿದ ಕ್ಷಣವೇ ಆರಿಹೋಗುತ್ತದೆ. ನಮ್ಮಲ್ಲಿಗೆ ಬಂದ ಹಿರಿಯರು "ಇಲ್ಲಿ ಸೆಖೆಯೇ ಇಲ್ಲ, ಬೆವರುವುದೇ ಇಲ್ಲ" ಎಂದು ಸಂತೋಷಪಡುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅವರು ಹಾಗೆ ಹೇಳುತ್ತಿರುವಾಗಲೇ ದೇಹದ ನೀರು ಇಂಗುತ್ತಿರುತ್ತದೆ. ದೇಹದ ಒಳಗಿನ ಉಷ್ಣತೆ 40 ಡಿಗ್ರಿ ದಾಟಿ, ಮಾತು ತೊದಲಿ, ದಿಕ್ಕು ತಪ್ಪಿದಂತಾದರೆ ಅದು ಬಿಸಿಲಾಘಾತ. ಒಂದೊಂದು ನಿಮಿಷವೂ ಅಮೂಲ್ಯ. ಹತ್ತಿರದ ಆಸ್ಪತ್ರೆ ಎರಡು ಗಂಟೆಯ ದಾರಿಯಾಗಿರುವ ಮರುಭೂಮಿಯ ರಸ್ತೆಯಲ್ಲಿ, ವಾಹನದೊಳಗಿನ ತಂಪು ಗಾಳಿಯು ಭೋಗವಸ್ತುವಲ್ಲ. ಹೀಗಾಗಿ ಹಿರಿಯರನ್ನೂ ಚಿಕ್ಕ ಮಕ್ಕಳನ್ನೂ ಕೂರಿಸುವ ವಾಹನದಿಂದ ಕಂಪ್ರೆಸರನ್ನು ತೆಗೆಯಕೂಡದು.

ಈಗ ಯಂತ್ರದ ಕಡೆಗೆ ಬರೋಣ. ಸೂಜಿ ಚುಚ್ಚುವ ಮೊದಲು ನರ್ಸ್ ತೋಳಿಗೆ ಸ್ಪಿರಿಟ್ ಒರೆಸಿದಾಗ ಆ ಜಾಗ ತಣ್ಣಗಾಗುವುದು ನಿಮ್ಮೆಲ್ಲರ ಅನುಭವ. ದ್ರವವು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ. ಹವಾನಿಯಂತ್ರಣದ ತತ್ವವೂ ಇಷ್ಟೇ. ವ್ಯತ್ಯಾಸವೆಂದರೆ, ಆವಿಯನ್ನು ಹಾರಿಹೋಗಲು ಬಿಡದೆ ಮರಳಿ ದ್ರವವಾಗಿಸಿ ಮತ್ತೆ ಮತ್ತೆ ಬಳಸಲಾಗುತ್ತದೆ. ಕಂಪ್ರೆಸರು ಆವಿಯನ್ನು ಒತ್ತಿ ಬಿಸಿ ಮಾಡುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ಶಾಖವನ್ನು ಹೊರಗೆ ಬಿಟ್ಟು ದ್ರವವಾಗುತ್ತದೆ. ಕಿರಿದಾದ ರಂಧ್ರವೊಂದನ್ನು ದಾಟಿ ಒತ್ತಡ ಇಳಿದಾಗ, ಡ್ಯಾಶ್‌ಬೋರ್ಡಿನ ಹಿಂದಿನ ಇವಾಪರೇಟರಿನಲ್ಲಿ ಕುದಿದು ಆವಿಯಾಗಿ ವಾಹನದೊಳಗಿನ ಶಾಖವನ್ನು ಹೀರುತ್ತದೆ. 1990ರ ದಶಕದ ಅನೇಕ ಚೆರೋಕಿಗಳಲ್ಲಿರುವುದು ಸ್ಯಾಂಡೆನ್ ಎಂಬ ಜಪಾನೀ ಸಂಸ್ಥೆಯ ಏಳು ಪಿಸ್ಟನ್‌ಗಳ ಕಂಪ್ರೆಸರ್. ಒಂದು ಸುತ್ತಿಗೆ ಸುಮಾರು 155 ಘನ ಸೆಂಟಿಮೀಟರ್ ಅನಿಲವನ್ನು ದೂಡುತ್ತದೆ. ನಮ್ಮ ಹೃದಯ ಒಂದು ಬಡಿತಕ್ಕೆ ದೂಡುವುದು ಸುಮಾರು 70. ಒತ್ತಡದ ಮಾತಿಗೆ ಬಂದರೆ ಹೋಲಿಕೆ ನಿಲ್ಲುತ್ತದೆ. 120 ಮಿಲಿಮೀಟರ್ ಪಾದರಸದ ರಕ್ತದೊತ್ತಡವೆಂದರೆ ಚದರ ಅಂಗುಲಕ್ಕೆ ಎರಡೂಕಾಲು ಪೌಂಡಿಗಿಂತ ತುಸು ಹೆಚ್ಚು. ಈ ಯಂತ್ರದಲ್ಲಿ, ಎಂಜಿನ್ ನಿಂತಿರುವಾಗಲೇ, 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಮಾರು 80 ಪೌಂಡ್ ಒತ್ತಡವಿರುತ್ತದೆ. ಬಿಸಿಲಿನಲ್ಲಿ ಓಡುವಾಗ ಬಿಸಿ ಬದಿಯಲ್ಲಿ 200 ದಾಟುತ್ತದೆ. ನಟ್ಟು ಸಡಿಲಿಸುವ ಮುನ್ನ ಇದು ನೆನಪಿರಲಿ.

ಸ್ಥಳಾಂತರದ ಮುಖ್ಯ ಕೆಲಸವೆಂದರೆ ಬ್ರಾಕೆಟ್. ಕಂಪ್ರೆಸರು ಎಂಜಿನ್ನಿನಿಂದ ಹಲವು ಅಶ್ವಶಕ್ತಿಯನ್ನು ಸೆಳೆಯುತ್ತದೆ. ಅದೂ ಒಂದೇ ಸಮನಾಗಿ ಅಲ್ಲ. ಕ್ಲಚ್ ಹಿಡಿದಾಗಲೆಲ್ಲ ಒಂದು ಜಗ್ಗು, ಪ್ರತಿ ಪಿಸ್ಟನ್ನಿಗೂ ಒಂದು ಮಿಡಿತ. ತೆಳುವಾದ ತಗಡಿನ ಬ್ರಾಕೆಟ್ ಮೊದಲ ದಿನ ಗಟ್ಟಿಯಾಗಿಯೇ ಕಾಣುತ್ತದೆ. ಕೆಲವು ವಾರಗಳಲ್ಲಿ ಬೋಲ್ಟಿನ ರಂಧ್ರದ ಬಳಿ ಸೀಳುತ್ತದೆ. ಆದುದರಿಂದ ದಪ್ಪ ಉಕ್ಕಿನ ಹಲಗೆಯನ್ನು ಬಳಸಿ, ಮೂಲೆಗಳಿಗೆ ತ್ರಿಕೋನದ ಆಸರೆ ಕೊಟ್ಟು, ಕಂಪ್ರೆಸರಿನ ಮುಂದಿನ ಮತ್ತು ಹಿಂದಿನ ಕಿವಿಗಳೆರಡನ್ನೂ ಹಿಡಿಯುವಂತೆ ಮಾಡಿಸಬೇಕು. ಅದನ್ನು ಎಂಜಿನ್ನಿಗೇ ಬಿಗಿಯಬೇಕು. ವಾಹನದ ಚೌಕಟ್ಟಿಗೆ ಎಂದೂ ಬಿಗಿಯಕೂಡದು. ಎಂಜಿನ್ ರಬ್ಬರಿನ ಆಸರೆಯ ಮೇಲೆ ಸದಾ ಅಲುಗಾಡುತ್ತಿರುತ್ತದೆ. ಎಂಜಿನ್ನಿನಿಂದ ಬೆಲ್ಟು ಎಳೆಯುವ ಯಂತ್ರವು ಬೇರೆಡೆ ನಿಂತಿದ್ದರೆ ಬೆಲ್ಟು ಒಂದು ಕ್ಷಣ ಬಿಗಿ, ಮರುಕ್ಷಣ ಸಡಿಲ. ಕಂಪ್ರೆಸರು ಆಲ್ಟರ್ನೇಟರಿಗಿಂತ ಉದ್ದನೆಯದು ಎಂಬುದನ್ನು ಅಳತೆ ತೆಗೆಯುವಾಗ ಮರೆಯಬಾರದು. ಕೆಳಗಿನ ಜಾಗದಲ್ಲಿ ಚೌಕಟ್ಟಿನ ತೊಲೆಯೂ ಆಯಿಲ್ ಫಿಲ್ಟರೂ ಹತ್ತಿರದಲ್ಲಿವೆ. ಎಂಜಿನ್ ನಿಂತಿರುವಾಗ ಒಂದು ಬೆರಳಿನ ಅಂತರವಿದ್ದರೆ ಸಾಲದು. ಫಿಲ್ಟರನ್ನು ಬಿಚ್ಚಲು ಕೈ ಹೋಗುತ್ತದೆಯೇ ಎಂಬುದನ್ನೂ ಬ್ರಾಕೆಟ್ ಬೆಸುಗೆಗೆ ಮೊದಲೇ ನೋಡಿಕೊಳ್ಳಬೇಕು.

ಬೆಲ್ಟಿನ ವಿಚಾರದಲ್ಲಿ ಒಂದು ವಿಶೇಷ ಅಪಾಯವಿದೆ. ಈ ಎಂಜಿನ್ನಿನಲ್ಲಿ ಒಂದೇ ಉದ್ದನೆಯ ಪಟ್ಟಿ ಎಲ್ಲ ರಾಟೆಗಳನ್ನೂ ಸುತ್ತಿ ಹೋಗುತ್ತದೆ. ನೀರಿನ ಪಂಪನ್ನು ಅದು ತನ್ನ ಬೆನ್ನಿನ ಬದಿಯಿಂದ ತಿರುಗಿಸುತ್ತದೆ. ಜಾಗ ಬದಲಿಸಿದ ಮೇಲೆ ಬೆಲ್ಟನ್ನು ತೋಚಿದ ದಾರಿಯಲ್ಲಿ ಹಾಕಿದರೆ ಪಂಪು ಉಲ್ಟಾ ತಿರುಗಿ, ತಂಪು ನೀರು ಸರಿಯಾಗಿ ಸುತ್ತದೆ, ಎಂಜಿನ್ ಕಾದು ಕೆಡುತ್ತದೆ. ಕ್ಯಾಬಿನ್ನನ್ನು ತಣ್ಣಗಾಗಿಸಲು ಹೋಗಿ ಎಂಜಿನ್ನನ್ನು ಸುಟ್ಟಂತೆ! ಬಿಚ್ಚುವ ಮೊದಲು ಹಳೆಯ ದಾರಿಯ ಚಿತ್ರವನ್ನು ತೆಗೆದಿಟ್ಟುಕೊಳ್ಳಿರಿ. ಹೊಸ ದಾರಿಯಲ್ಲಿ ಪ್ರತಿಯೊಂದು ರಾಟೆಯೂ ಮೊದಲಿನ ದಿಕ್ಕಿಗೇ ತಿರುಗಬೇಕು. ಕಂಪ್ರೆಸರಿನ ರಾಟೆ ದೊಡ್ಡದು, ಆಲ್ಟರ್ನೇಟರಿನದು ಚಿಕ್ಕದು. ಹಾಗಾಗಿ ಬೆಲ್ಟಿನ ಉದ್ದವೂ ಬದಲಾಗುತ್ತದೆ. ದಾರವನ್ನು ಸುತ್ತಿ ಅಳೆದು, ನಂತರ ಅಂಗಡಿಗೆ ಹೋಗುವುದು ಕ್ಷೇಮ. ಹೆಚ್ಚು ಭಾರ ಹೊರುವ ರಾಟೆಯನ್ನು ಬೆಲ್ಟು ಹೆಚ್ಚು ಸುತ್ತು ತಬ್ಬಿಕೊಂಡಿರಬೇಕು, ಇಲ್ಲದಿದ್ದರೆ ಜಾರಿ ಕಿರುಚುತ್ತದೆ. ನೇರವಾದ ಉಕ್ಕಿನ ಪಟ್ಟಿಯೊಂದನ್ನು ರಾಟೆಗಳ ಮುಖಕ್ಕೆ ಹಿಡಿದು ನೋಡಿ. ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ಓರೆಯಿದ್ದರೆ ಬ್ರಾಕೆಟ್ಟನ್ನು ತಿದ್ದಬೇಕು. ಬೆಲ್ಟು ಸವೆದು ಸರಿಹೋಗುತ್ತದೆಂಬ ನಂಬಿಕೆ ಬೇಡ.

ಕಂಪ್ರೆಸರನ್ನು ಕೆಳಗಿಳಿಸಿದಾಗ ಅದರ ತಲೆಯ ದಿಕ್ಕನ್ನೂ ನೋಡಬೇಕು. ಒಳಗಿನ ಭಾಗಗಳಿಗೆ ಎಣ್ಣೆ ತಲುಪಬೇಕಾದರೆ ಕೊಳವೆ ಸೇರುವ ಬಾಯಿಗಳು ಮೇಲಕ್ಕೋ ಪಕ್ಕಕ್ಕೋ ಇರಬಹುದು, ಕೆಳಮುಖವಾಗಿರಬಾರದು. ಮತ್ತೊಂದು ತೊಡಕು: ವಾಹನ ನಿಂತಾಗ ಎಣ್ಣೆಯೂ ದ್ರವವೂ ತಗ್ಗಿನ ಕಡೆಗೆ ಇಳಿಯುತ್ತವೆ. ಈಗ ತಗ್ಗಿನಲ್ಲಿರುವುದು ಕಂಪ್ರೆಸರೇ. ಅನಿಲವನ್ನು ಒತ್ತಬಹುದು, ದ್ರವವನ್ನು ಒತ್ತಲಾಗದು. ಒತ್ತಹೋದರೆ ಒಳಗಿನ ಕವಾಟಗಳು ಮುರಿಯುತ್ತವೆ. ಆದುದರಿಂದ ಹೊಸದಾಗಿ ಅನಿಲ ತುಂಬಿದ ಮೇಲೆ ಕ್ಲಚ್ಚಿನ ಮುಂಭಾಗವನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ, ಅನಂತರವೇ ಎಂಜಿನ್ ಶುರು ಮಾಡಬೇಕು. ಹಳೆಯ ಹೋಸ್‌ಗಳು ಹೊಸ ಜಾಗಕ್ಕೆ ಸಾಮಾನ್ಯವಾಗಿ ಎಟುಕವು. ಎಳೆದು ಜಗ್ಗಿ ಸೇರಿಸುವ ಬದಲು ಹೊಸದಾಗಿ ಮಾಡಿಸಬೇಕು, ಒಳಪದರವಿರುವ, ಅನಿಲ ಸೋರದ ಜಾತಿಯ ಹೋಸನ್ನೇ ಕೇಳಬೇಕು. ಎಂಜಿನ್ನಿನ ಅಲುಗಾಟಕ್ಕೆ ಸಾಕಷ್ಟು ಸಡಿಲವಿರಲಿ. ಚೂಪಾದ ಅಂಚಿಗೆ ಉಜ್ಜದಿರಲಿ. ಆಲ್ಟರ್ನೇಟರಿನ ದಪ್ಪ ತಂತಿ ಮೇಲಿನ ಜಾಗಕ್ಕೆ ಸಾಲದಿದ್ದರೆ ಅಷ್ಟೇ ದಪ್ಪದ್ದನ್ನು ಹಾಕಬೇಕು, ಮತ್ತು ಇದಕ್ಕೆಲ್ಲ ಮುಂಚೆ ಬ್ಯಾಟರಿಯನ್ನು ಕಳಚಿರಬೇಕು.

ಹೋಸ್ ಬದಲಿಸುವುದೆಂದರೆ ಅನಿಲದ ಸುತ್ತನ್ನು ತೆರೆಯಬೇಕಾಗುತ್ತದೆ. ಇಲ್ಲಿ ನಮ್ಮ ಮಕ್ಕಳು ಆತುರಪಡಬಾರದು. ಹಳೆಯ ವಾಹನಗಳಲ್ಲಿದ್ದ ಆರ್-12 ಅನಿಲ ಓಜೋನ್ ಪದರಕ್ಕೆ ಹಾನಿಕರ; 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅಮೆರಿಕದಲ್ಲಿ ಅದರ ತಯಾರಿಕೆ 1995ರ ಕೊನೆಗೆ ನಿಂತಿತು. 1990ರ ದಶಕದ ನಡುವಿನ ಹೊತ್ತಿಗೆ ಹೊಸ ವಾಹನಗಳಿಗೆ ಆರ್-134ಎ ಬಂದಿತು. ಎರಡನ್ನೂ ಬೇಕೆಂದೇ ಗಾಳಿಗೆ ಬಿಡುವುದು ಇಲ್ಲಿ ಅಪರಾಧ. ಪ್ರಮಾಣಪತ್ರವಿರುವ ಕಾರ್ಯಾಗಾರದಲ್ಲಿ ಯಂತ್ರದ ಮೂಲಕ ಅನಿಲವನ್ನು ಹೀರಿಸಿಕೊಂಡು, ವಾಹನವನ್ನು ಮನೆಗೆ ತಂದು, ಯಾಂತ್ರಿಕ ಕೆಲಸವನ್ನು ಮುಗಿಸಿ, ಅನಿಲ ತುಂಬಲು ಮತ್ತೆ ಅಲ್ಲಿಗೇ ಒಯ್ಯುವುದು ಉತ್ತಮ. ಆರ್-12 ಇದ್ದ ವಾಹನವಾದರೆ ಇದೇ ಸಮಯದಲ್ಲಿ ಆರ್-134ಎಗೆ ಬದಲಿಸಿಕೊಳ್ಳಬಹುದು; ಆದರೆ ಹಳೆಯ ಖನಿಜ ಎಣ್ಣೆ ಈ ಅನಿಲದೊಡನೆ ಬೆರೆತು ಹರಿಯದು, ಆದ್ದರಿಂದ ಎಣ್ಣೆಯನ್ನೂ ಬದಲಿಸಬೇಕು.

ವೈದ್ಯನಾಗಿ ಇನ್ನೂ ಮೂರು ಮಾತು ಹೇಳಲೇಬೇಕು. ಆರ್-134ಎ ಕುದಿಯುವುದು ಶೂನ್ಯಕ್ಕಿಂತ 26 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅದರ ಹನಿ ಕಣ್ಣಿಗೆ ಚಿಮ್ಮಿದರೆ ಕಣ್ಣು ಹೆಪ್ಪುಗಟ್ಟುತ್ತದೆ, ಆದಕಾರಣ ಮುಚ್ಚು ಕನ್ನಡಕ ಕಡ್ಡಾಯ. ಚರ್ಮಕ್ಕೆ ತಗುಲಿದರೆ ಉಜ್ಜಬೇಡಿರಿ, ಬಿಸಿನೀರು ಹಾಕಬೇಡಿರಿ. ಉಗುರು ಬೆಚ್ಚಗಿನ ನೀರಿನಲ್ಲಿಟ್ಟು ವೈದ್ಯರ ಬಳಿಗೆ ಹೋಗಿರಿ. ಎರಡನೆಯದು, ಈ ಅನಿಲ ಗಾಳಿಗಿಂತ ಭಾರ. ಮುಚ್ಚಿದ ಗ್ಯಾರೇಜಿನ ನೆಲದಲ್ಲಿ ನಿಲ್ಲುತ್ತದೆ. ಹೆಚ್ಚಾಗಿ ಉಸಿರಾಡಿದರೆ ಉಸಿರು ಕಟ್ಟುವುದಷ್ಟೇ ಅಲ್ಲ, ಹೃದಯವು ತನ್ನದೇ ಅಡ್ರಿನಲಿನ್ನಿಗೆ ಅತಿಯಾಗಿ ಸ್ಪಂದಿಸಿ ಬಡಿತ ತಾಳ ತಪ್ಪಬಹುದು. ಮೂರನೆಯದು ಎಲ್ಲಕ್ಕಿಂತ ಗಂಭೀರ. ಅನಿಲ ಉಳಿದಿರುವ ಕೊಳವೆಯ ಬಳಿ ಬೆಸುಗೆಯ ಜ್ವಾಲೆ ಹಿಡಿದರೆ ಅದು ಒಡೆದು ಹೈಡ್ರೋಫ್ಲೋರಿಕ್ ಆಮ್ಲದಂಥ ವಿಷಗಳಾಗುತ್ತದೆ. ಆರ್-12ರಿಂದ ಫಾಸ್ಜೀನ್ ಕೂಡ ಹುಟ್ಟಬಹುದು. ಫಾಸ್ಜೀನ್ ಸೇವಿಸಿದವನು ಮೊದಲ ಕೆಲವು ಗಂಟೆ ಚೆನ್ನಾಗಿಯೇ ಇದ್ದು, ಆಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಒದ್ದಾಡಬಹುದು. ಬ್ರಾಕೆಟ್ಟಿನ ಬೆಸುಗೆಯನ್ನು ವಾಹನದಿಂದ ಹೊರಗೆ ತೆಗೆದೇ ಮಾಡಿರಿ.

ಸುತ್ತು ತೆರೆದಾಗ ಒಳಹೋಗುವ ನೀರಿನ ತೇವ ಈ ಯಂತ್ರದ ಶತ್ರು. ತೇವವನ್ನು ಹೀರುವ ಡ್ರೈಯರ್ ಎಂಬ ಡಬ್ಬಿಯನ್ನು ಪ್ರತಿ ಸಲವೂ ಹೊಸದಾಗಿ ಹಾಕಬೇಕು, ಅದರ ಮುಚ್ಚಳವನ್ನು ಜೋಡಿಸುವ ಕೊನೆಯ ಗಳಿಗೆಯಲ್ಲಿ ಮಾತ್ರ ತೆರೆಯಬೇಕು. ಕೀಲುಗಳ ರಬ್ಬರ್ ಉಂಗುರಗಳೂ ಹೊಸವೇ ಆಗಿರಲಿ. ನಂತರ ಪಂಪಿನಿಂದ ನಿರ್ವಾತ ಮಾಡಲಾಗುತ್ತದೆ. ಇದರ ಉದ್ದೇಶ ಗಾಳಿಯನ್ನು ತೆಗೆಯುವುದಷ್ಟೇ ಅಲ್ಲ. ಸಮುದ್ರಮಟ್ಟದಲ್ಲಿ ಗೇಜು 29 ಅಂಗುಲ ತೋರಿಸುವಷ್ಟು ನಿರ್ವಾತವಾದರೆ ನೀರು ಸುಮಾರು 25 ಡಿಗ್ರಿಯಲ್ಲಿಯೇ ಕುದಿದು ಆವಿಯಾಗಿ ಹೊರಬರುತ್ತದೆ. ಎತ್ತರದ ಊರುಗಳಲ್ಲಿ ಗೇಜು ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಅಂಗುಲ ಕಡಿಮೆ ತೋರಿಸುತ್ತದೆ. ಫ್ಲ್ಯಾಗ್‌ಸ್ಟಾಫಿನಲ್ಲಿ ಕೆಲಸ ಮಾಡುವವರು 29 ಬರಲಿಲ್ಲವೆಂದು ಪಂಪನ್ನು ದೂರಬೇಕಿಲ್ಲ. ಮುಕ್ಕಾಲು ಗಂಟೆ ಪಂಪು ಓಡಿಸಿ, ನಿಲ್ಲಿಸಿ, ಅರ್ಧ ಗಂಟೆ ಕಾಯಬೇಕು. ಮುಳ್ಳು ಏರಿದರೆ ಎಲ್ಲೋ ಸೋರಿಕೆಯಿದೆ. ಅನಿಲವನ್ನು ತೂಗಿಯೇ ತುಂಬಿಸಬೇಕು. ಎಷ್ಟೆಂಬುದು ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿರುತ್ತದೆ. ಆರ್-12ರಿಂದ ಬದಲಿಸಿದ ವಾಹನಕ್ಕೆ ಆ ಚೀಟಿಯ ತೂಕ ಅನ್ವಯಿಸುವುದಿಲ್ಲ, ಅದಕ್ಕಿಂತ ಕಡಿಮೆ ಬೇಕು. ಹೆಚ್ಚು ತುಂಬಿದರೆ ಹೆಚ್ಚು ತಂಪೆಂಬ ಭಾವನೆ ಇಲ್ಲಿ ನಡೆಯದು.

ಕೆಲಸ ಮುಗಿದ ಮೇಲೆ ಮೊದಲ ಪ್ರಯಾಣ ಊರೊಳಗೇ ಆಗಲಿ. ನೂರು ಮೈಲಿಯ ನಂತರ ಬ್ರಾಕೆಟ್ಟಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿ, ಬೆಲ್ಟಿನ ಅಂಚು ಸವೆದಿದೆಯೇ ಎಂದು ದೀಪ ಹಿಡಿದು ಪರೀಕ್ಷಿಸಿರಿ. ಕೀಲುಗಳ ಸುತ್ತ ಎಣ್ಣೆಯ ಜಿಡ್ಡು ಕಂಡರೆ ಅದೇ ಸೋರಿಕೆಯ ಗುರುತು. ಮಧ್ಯಾಹ್ನದ ಬಿಸಿಲಿನಲ್ಲಿ, ವಾಹನ ನಿಂತು ಎಂಜಿನ್ ಓಡುತ್ತಿರುವಾಗ ಹಿಂದಿನ ಸೀಟಿನಲ್ಲಿ ಥರ್ಮಾಮೀಟರ್ ಇಟ್ಟು ಅರ್ಧ ಗಂಟೆ ನೋಡಿರಿ. ಮುಂದಿನ ಕಿಂಡಿಯಲ್ಲಿ ಕೈಯಿಟ್ಟು ತಂಪಾಗಿದೆಯೆಂದು ಹೇಳುವುದು ಪರೀಕ್ಷೆಯಲ್ಲ. ಅಮ್ಮನವರನ್ನು ಕೂರಿಸಿಕೊಂಡು ದೂರದ ಪ್ರವಾಸ ಹೊರಡುವುದು ಅದಾದ ಮೇಲೆ, ತಲೆಗೆ ಎರಡು ಗ್ಯಾಲನ್ ನೀರಿನೊಡನೆ.